ಗೋದಾಬಾಯಿ ಬಾಯಿಬಿಟ್ಟದ್ದು

ಗೋದಾಬಾಯಿ ಹಾಡುತ್ತಿದ್ದ ಕಾಲದಲ್ಲಿ ಮೈಲಾಪೂರಿನ ಆ ಹಳೆಯ ಫ್ಲ್ಯಾಟುಗಳಲ್ಲಿ ಬೆಳಗಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡಬೇಕಾಗಿರಲಿಲ್ಲ. ಡಿಕಾಕ್ಷನ್ ಇಳಿಯುವಾಗ ಒಂದು ದೇವರನಾಮ, ಕುಕ್ಕರ್ ಕೂಗುವಾಗ ಇನ್ನೊಂದು. ಕುಕ್ಕರಿನ ಸೀಟಿ ಯಾವ ಶ್ರುತಿಯಲ್ಲಿದೆಯೋ ಅದಕ್ಕೇ ತಮ್ಮ ಹಾಡನ್ನು ಹೊಂದಿಸಿಕೊಳ್ಳುವುದು ಅವರ ಚಟ. "ಇವತ್ತು ಕುಕ್ಕರ್ ಸ್ವಲ್ಪ ಏರಿದೆ, ಗಂಟಲು ಜೋಪಾನ," ಎಂದು ಗಂಡ ಕಿಟ್ಟುರಾಯರು ಪೇಪರಿನ ಹಿಂದಿನಿಂದ ಹೇಳುತ್ತಿದ್ದರು.

ಅವರ ಮನೆತನ ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕನ್ನಡ ಓದಲು ಬಾರದವರೂ ಕನ್ನಡದಲ್ಲೇ ಜಗಳವಾಡುವ ಮನೆ ಅದು. ಅರ್ಧ ಮಾತು ತಮಿಳಿನದು, ಬೈಗುಳ ಮಾತ್ರ ಅಚ್ಚ ಕನ್ನಡದ್ದು. ಗೋದಾಬಾಯಿಗೆ ದೇವರನಾಮಗಳೆಲ್ಲ ಬಂದದ್ದು ಅಮ್ಮನ ಬಾಯಿಂದ. ಅಮ್ಮ ವೀಣೆಯನ್ನೂ ಕಲಿಸಿದ್ದರು. ಮದುವೆಯಾಗಿ ಬರುವಾಗ ಆ ವೀಣೆಯೂ ಜೊತೆಗೆ ಬಂದಿತ್ತು. ಆದರೆ ಹಾಡು ಬರುವವರಿಗೆ ವೀಣೆ ಯಾಕೆ ಬೇಕು ಎಂದು ಅದನ್ನು ಬಟ್ಟೆ ಹೊದಿಸಿ ಮೂಲೆಯಲ್ಲಿ ಇಟ್ಟಿದ್ದರು. ನವರಾತ್ರಿಯಲ್ಲಿ ಮಾತ್ರ ಅದು ಹೊರಗೆ ಬರುತ್ತಿತ್ತು.

ನಿವೃತ್ತಿಯಾಗುವ ತನಕ ಅವರು ಹೆಣ್ಣುಮಕ್ಕಳ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಟ್ಟ ಮೀಟರುಗಳನ್ನು ರಿಪೇರಿ ಮಾಡಲು ಮುದುಕರೊಬ್ಬರು ಬರುತ್ತಿದ್ದರು. ಗೋದಾಬಾಯಿ ತಂತಿ ಬೆಸೆಯುವ ಸಾಲ್ಡರಿಂಗ್ ಕಡ್ಡಿಯನ್ನು ಮುಟ್ಟಲು ಹೋದಾಗಲೆಲ್ಲ ಅವರು, "ಕೈ ಸುಟ್ಟುಕೊಂಡರೆ ಮನೆಯಲ್ಲಿ ದೋಸೆ ಹುಯ್ಯೋವರು ಯಾರಮ್ಮಾ?" ಎಂದು ಕಡ್ಡಿ ಎತ್ತಿ ಬದಿಗಿಡುತ್ತಿದ್ದರು. ಗೋದಾಬಾಯಿ ಮುಂದಿನ ಸೋಮವಾರ ಸ್ವಂತ ಕಡ್ಡಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು, ಅವರೆದುರೇ ಕೂತು, ಒಂದು ತಂತಿ ಬೆಸೆದರು. ಕೈಯೂ ಸುಟ್ಟಿತು. ಮಾರನೆಯ ದಿನ ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ಬೆಸೆದರು. ಆ ಮುದುಕರು ಹೋದ ಮೇಲೆ ಕಾಲೇಜಿನವರು ಬೇರೆ ಯಾರನ್ನೂ ಹುಡುಕಲಿಲ್ಲ.

ನಿವೃತ್ತಿಯಾದ ಮೇಲೆ ಅವರ ಪ್ರಪಂಚವೆಂದರೆ ಭಜನಾ ಮಂಡಳಿ. ಮಂಡಳಿಯ ಯಜಮಾನಿಕೆ ಕಿಟ್ಟುರಾಯರ ಅಕ್ಕ ರಮಾಬಾಯಿಯವರದು. ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ಹೆಣ್ಣು ನೋಡಿ ಮದುವೆ ಮಾಡಿದವರು ಅವರೇ. ತಮಗೇ ಎಪ್ಪತ್ತು ದಾಟಿದ್ದರೂ ಅಕ್ಕ ಒಳಗೆ ಬಂದರೆ ಕಿಟ್ಟುರಾಯರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಮಂಡಳಿಯಲ್ಲಿ ಯಾವ ದಿನ ಯಾವ ಹಾಡು, ಯಾರು ಎಲ್ಲಿ ಕೂರಬೇಕು ಎಲ್ಲವೂ ಅವರ ಮಾತಿನಂತೆ. ಆದರೆ ಮೊದಲ ಸಾಲು ಎತ್ತಿಕೊಡುವವರು ಗೋದಾಬಾಯಿ. ಅವರು ಎತ್ತಿಕೊಟ್ಟರೆ ಉಳಿದವರಿಗೆ ದಾರಿ ಸಲೀಸು.

ಆಮೇಲೆ ಕುತ್ತಿಗೆಯಲ್ಲಿ ಗಡ್ಡೆ ಬಂತು. ಥೈರಾಯಿಡ್ ಎಂದರು. ಆಪರೇಷನ್ನಿಗೆ ಮುಂಚೆಯೇ ಡಾಕ್ಟರು ಕೂರಿಸಿಕೊಂಡು ಹೇಳಿದ್ದರು: ಗಡ್ಡೆ ಸ್ವರದ ನರವನ್ನು ಸುತ್ತಿಕೊಂಡಿದೆ, ನರವನ್ನು ಉಳಿಸಲು ಹೋದರೆ ರೋಗವೂ ಉಳಿಯುತ್ತದೆ ಎಂದು. ಗೋದಾಬಾಯಿ ತಲೆಯಾಡಿಸಿದ್ದರು. ತಲೆಯಾಡಿಸುವಾಗ ಅದರ ಅರ್ಥ ಪೂರ್ತಿ ಗೊತ್ತಿರಲಿಲ್ಲ. ಎಚ್ಚರವಾದ ಮೇಲೆ, "ನೀರು," ಎಂದರು. ಬಾಯಿಂದ ಬಂದದ್ದು ಬರೀ ಗಾಳಿ.

ಇನ್ನೊಂದು ಚಿಕ್ಕ ಆಪರೇಷನ್ ಆಯಿತು. ನುಂಗುವುದು ಸುಲಭವಾಯಿತು, ಪಿಸುಮಾತು ಬಂತು. ವ್ಯಾಯಾಮಗಳನ್ನು ಕಲಿಸಿದರು, ಗೋದಾಬಾಯಿ ತಿಂಗಳುಗಟ್ಟಲೆ ಮಾಡಿದರು. ಕೊನೆಗೆ ಡಾಕ್ಟರು, "ಇನ್ನು ಇಷ್ಟೇ ಅಮ್ಮಾ," ಎಂದರು.

ಚೇತರಿಸಿಕೊಂಡು ಮಂಡಳಿಗೆ ಹೋದ ಮೊದಲ ದಿನ ರಮಾಬಾಯಿಯವರು ಅವರ ಕೈಹಿಡಿದು ಹಿಂದಿನ ಸಾಲಿಗೆ ಕರೆದೊಯ್ದು ಕೂರಿಸಿದರು. ಕೈಗೆ ಕಂಚಿನ ತಾಳ ಕೊಟ್ಟರು.

"ನೀ ಇಲ್ಲಿ ಕೂತ್ಕೊಂಡು ತಾಳ ಹಾಕು ಗೋದಾ. ಸ್ಟ್ರೈನ್ ಬೇಡ, ವೇಂಡಾ. ಮನಸಲ್ಲೇ ಹಾಡ್ಕೋ, ದೇವರಿಗೆ ಕೇಳತ್ತೆ ದಾನೇ."

ತಾನೇ ಎನ್ನುವುದು ಅವರ ಬಾಯಲ್ಲಿ ತಮಿಳಿನ ದಾನೇ. ಅದನ್ನು ಅವರು ಪ್ರೀತಿಯಿಂದಲೇ ಹೇಳಿದ್ದು. ಅದೇ ಗೋದಾಬಾಯಿಗೆ ಹೆಚ್ಚು ಉರಿದದ್ದು. ಸುತ್ತಲಿನ ಹೆಂಗಸರೆಲ್ಲ "ಪಾವಂ", ಅಯ್ಯೋ ಪಾಪ, ಎಂಬಂತೆ ನೋಡಿ, ನೋಟ ತೆಗೆದು, ಹಾಡಲು ತೊಡಗಿದರು. ಶ್ರುತಿ ಇಳಿಯುತ್ತಿತ್ತು. ಎರಡನೆಯ ಚರಣದಲ್ಲಿ ಯಾರೋ ದಾರಿ ತಪ್ಪಿದರು. ಗೋದಾಬಾಯಿಗೆ ಗೊತ್ತಿತ್ತು, ಹೇಳಲು ಗಂಟಲಿರಲಿಲ್ಲ. ಅವರು ತಾಳವನ್ನು ಚುರುಕು ಮಾಡಿದರು. ಹಾಡುವವರೂ ಹಿಂದೆಯೇ ಓಡಿದರು. ಇನ್ನಷ್ಟು ಚುರುಕು ಮಾಡಿದರು. ದೇವರನಾಮವೊಂದು ರೈಲು ತಪ್ಪಿಸಿಕೊಂಡವರ ಹಾಗೆ ಏದುಸಿರು ಬಿಡುತ್ತ ಮುಗಿಯಿತು. ಮುಂದಿನ ವಾರದಿಂದ ರಮಾಬಾಯಿಯವರು ತಾಳವನ್ನೂ ಬೇರೆಯವರಿಗೆ ಕೊಟ್ಟರು.

ಆ ವರ್ಷ ಅವರಿಗೆ ಹಲ್ಲುನೋವು ಬಂತು. ಮೇಲಿನ ಮಹಡಿಯ ಬೃಂದಾ ಹಲ್ಲಿನ ಡಾಕ್ಟರು, ಮಂಡ್ಯದ ಕಡೆಯವಳು. ಗಂಡನಿಗೆ ಇಲ್ಲಿ ಕೆಲಸವಾದ್ದರಿಂದ ಬಂದು, ಅಡ್ಯಾರಿನಲ್ಲಿ ಕ್ಲಿನಿಕ್ ಇಟ್ಟಿದ್ದಳು. ಗೋದಾಬಾಯಿ ಅವಳ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಎಂಜಲು ಎಳೆದುಕೊಳ್ಳುವ ಸಣ್ಣ ಕೊಳವೆಯನ್ನು ಬೃಂದಾ ಅವರ ಬಾಯಿಯ ಮೂಲೆಗೆ ಸಿಕ್ಕಿಸಿ, ಡ್ರಿಲ್ಲಿಗೆ ಮೊನೆ ಬದಲಾಯಿಸಲು ಆಚೆ ತಿರುಗಿದಳು. ಕೊಳವೆ ಒಂದೇ ಸಮನೆ ಗೊರಗುಡುತ್ತಿತ್ತು. ಬೇಸರಕ್ಕೆ ಗೋದಾಬಾಯಿ ದವಡೆಯನ್ನು ಸ್ವಲ್ಪ ಮುಚ್ಚಿದರು. ಸದ್ದು "ಊ" ಆಯಿತು. ತೆರೆದರು, "ಆ" ಆಯಿತು. ತುಟಿಯನ್ನು ಎರಡೂ ಕಡೆ ಎಳೆದರು, "ಈ" ಆಯಿತು.

ಅವರು ಕುರ್ಚಿಯಲ್ಲಿ ದಡಕ್ಕನೆ ಎದ್ದು ಕೂತರು.

"ನೋವಾಯ್ತಾ ಆಂಟಿ?" ಎಂದು ಬೃಂದಾ ಓಡಿಬಂದಳು.

ಗೋದಾಬಾಯಿ ಕೈಯಲ್ಲೇ ಸುಮ್ಮನಿರು ಎಂದರು. ಮತ್ತೆ ಕೊಳವೆಯನ್ನು ಬಾಯಿಗಿಟ್ಟುಕೊಂಡು ಆ, ಈ, ಊ ಮಾಡಿದರು. ಮೂವತ್ತು ವರ್ಷ ಅವರು ಲ್ಯಾಬಿನಲ್ಲಿ ಹುಡುಗಿಯರಿಗಾಗಿ ನೀರು ತುಂಬಿದ ಗಾಜಿನ ಕೊಳವೆಗಳನ್ನು ಜೋಡಿಸಿಟ್ಟಿದ್ದರು. ಟ್ಯೂನಿಂಗ್ ಫೋರ್ಕನ್ನು ಬಡಿದು ಕೊಳವೆಯ ಬಾಯಿಗೆ ಹಿಡಿದು, ನೀರನ್ನು ಏರಿಸಿ ಇಳಿಸಿದರೆ, ಒಂದೆಡೆ ಸದ್ದು ತಟ್ಟನೆ ತುಂಬಿಕೊಳ್ಳುತ್ತದೆ. ಸದ್ದು ಫೋರ್ಕಿನದು, ಅದಕ್ಕೆ ಮೈ ಕೊಡುವುದು ಕೊಳವೆ. ಗಂಟಲೂ ಅಷ್ಟೇ ಎಂದು ಈಗ ಹೊಳೆಯಿತು. ಗಂಟಲು ಕೊಡುವುದು ಬರೀ ಸದ್ದನ್ನು. ಅದನ್ನು ಮಾತು ಮಾಡುವುದು ಬಾಯಿ. ಬಾಯಿ ತಮ್ಮದು ನೆಟ್ಟಗೇ ಇದೆ. ಹಾಗಾದರೆ ಸದ್ದನ್ನು ಹೊರಗಿನಿಂದ ತಂದು ಹಾಕಿದರೆ?

ಬೃಂದಾಳಿಗೆ ಅದನ್ನು ಪಿಸುಮಾತಿನಲ್ಲಿ ವಿವರಿಸುವಷ್ಟರಲ್ಲಿ ಹೊರಗೆ ಕಾದಿದ್ದ ರೋಗಿಗಳು ಗೊಣಗತೊಡಗಿದ್ದರು. ಬೃಂದಾ ಫೋನಿನಲ್ಲಿ ಹುಡುಕಿ ತೋರಿಸಿದಳು. ಗಿಟಾರಿನವರು ಎಷ್ಟೋ ವರ್ಷಗಳಿಂದ ಮಾಡುತ್ತಿರುವುದೇ ಅದು. ಅದಕ್ಕೆ ಟಾಕ್ ಬಾಕ್ಸ್ ಎಂದು ಹೆಸರು. ಗಿಟಾರಿನ ಸದ್ದು ಒಂದು ಡಬ್ಬಿಯೊಳಗಿನ ಸ್ಪೀಕರಿಗೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ ಬಾಯಿಗೆ ಬಂದು, ಬಾಯಿ ಆಡಿದ ಹಾಗೆ ಗಿಟಾರು ಮಾತಾಡುತ್ತದೆ.

"ಇದನ್ನ ತರಿಸ್ಬೋದು ಆಂಟಿ, ಆರ್ಡರ್ ಮಾಡ್ಲಾ?"

ಗೋದಾಬಾಯಿ ಬೇಡವೆಂದು ತಲೆಯಾಡಿಸಿದರು. ಇನ್ಯಾರದೋ ಬಾಯಿಗೆ, ಇನ್ಯಾವುದೋ ವಾದ್ಯಕ್ಕೆ ಮಾಡಿದ್ದು ತಮಗೆ ಬೇಕಿರಲಿಲ್ಲ.

ಮೊದಲನೆಯದು ಕೆಟ್ಟಿತು. ಹಳೆಯ ರೇಡಿಯೋದ ಸ್ಪೀಕರನ್ನು ಬಿಚ್ಚಿ, ಅದರ ಮೇಲೆ ಎಣ್ಣೆ ಹುಯ್ಯುವ ಲಾಳಿಕೆಯನ್ನು ಬೋರಲು ಹಾಕಿ, ಸಂದಿಗೆಲ್ಲ ಚಪಾತಿ ಹಿಟ್ಟು ಮೆತ್ತಿ, ಲಾಳಿಕೆಯ ತುದಿಗೆ ಮೀನಿನ ತೊಟ್ಟಿಯ ಕೊಳವೆ ಸಿಕ್ಕಿಸಿದರು. ಸದ್ದು ಎಲ್ಲ ಕಡೆಯಿಂದ ಸೋರಿತು, ಬಾಯಿಗೆ ಮಾತ್ರ ಬರಲಿಲ್ಲ. ಮೂರನೆಯ ದಿನ ಹಿಟ್ಟು ಹುಳಿ ವಾಸನೆ ಬಂತು. ಕಿಟ್ಟುರಾಯರು ಎಣ್ಣೆಯ ಡಬ್ಬಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಲಾಳಿಕೆ ವಾಪಸು ಬರತ್ತಾ, ಇಲ್ಲ ಅದನ್ನೂ ಸಂಗೀತಕ್ಕೆ ದಾನ ಮಾಡಿದ್ದೀಯಾ?" ಎಂದು ಕೇಳಿದರು.

ಗೋದಾಬಾಯಿ ಎಲೆಕ್ಟ್ರಾನಿಕ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಹೋದರು. ಸಭೆ ಸಮಾರಂಭಗಳಲ್ಲಿ ಕಂಬಕ್ಕೆ ಕಟ್ಟುವ ದೊಡ್ಡ ಹಾರ್ನ್ ಸ್ಪೀಕರುಗಳಿರುತ್ತವಲ್ಲ, ಅವುಗಳ ಹಿಂದೆ ಒಂದು ದಪ್ಪನೆಯ ಉರುಟು ಯೂನಿಟ್ಟು ಇರುತ್ತದೆ. ಸದ್ದು ಹುಟ್ಟುವುದು ಅದರಲ್ಲೇ. ಅದರ ಬಾಯಿ ಕಿರಿದು, ಕೊಳವೆ ಹಾಕಲು ಸರಿಯಾದದ್ದು. ಅಂಗಡಿಯವನು ಅದನ್ನು ಮೇಜಿನ ಮೇಲಿಟ್ಟು, ದೇವಸ್ಥಾನಕ್ಕೋ ಪಾರ್ಟಿ ಮೀಟಿಂಗಿಗೋ ಎಂದು ತಮಿಳಿನಲ್ಲಿ ಕೇಳಿದ. ಗೋದಾಬಾಯಿ ಮುಂದೆ ಬಾಗಿ, "ಎನ್ ವಾಯಿಕ್ಕು," ಎಂದು ಪಿಸುಗುಟ್ಟಿದರು. ನನ್ನ ಬಾಯಿಗೆ. ಅವನು ಪಕ್ಕದವನ ಮುಖ ನೋಡಿದ. ಮತ್ತೆ ಏನೂ ಕೇಳದೆ ಕಟ್ಟಿಕೊಟ್ಟ.

ಕೊಳವೆಗಾಗಿ ಪ್ಯಾರೀಸ್ ಕಾರ್ನರಿನ ಗಲ್ಲಿಗಳಲ್ಲಿ ತಿರುಗಿದರು. ಪ್ಲಾಸ್ಟಿಕ್ಕಿನ ಸುರುಳಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ನೋಡಿ, ವಾಸನೆಯಿಲ್ಲದ, ಕುಡಿಯುವ ನೀರಿಗೆ ಬಳಸುವಂಥದ್ದನ್ನೇ ಆರಿಸಿಕೊಂಡರು. ನಲ್ಲಿಯ ಪೈಪುಗಳನ್ನು ಕೂಡಿಸುವ ಒಂದು ತುಂಡು ಯೂನಿಟ್ಟಿನ ಬಾಯಿಗೆ ಹಿಡಿಸಿತು. ಗಿಟಾರಿನ ಬದಲಿಗೆ ವೀಣೆಯನ್ನು ಮೂಲೆಯಿಂದ ತೆಗೆದು ಹೊಸ ತಂತಿ ಹಾಕಿಸಿದರು. ಕೆಟ್ಟ ಕರೆಗಂಟೆಯ ಒಳಗಿದ್ದ ತೆಳು ಹಿತ್ತಾಳೆ ಬಿಲ್ಲೆಯನ್ನು ಬಿಡಿಸಿ, ತಂತಿ ಬೆಸೆದು, ವೀಣೆಯ ಕೊಡದ ಮೇಲೆ ಅಂಟಿಸಿದರು. ಮರದ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸಲು ಅದೇ ಮೈಕು.

ಯೂನಿಟ್ಟು, ಆಂಪ್ಲಿಫೈಯರು ಎಲ್ಲ ಒಂದು ಡಬ್ಬಿಯಲ್ಲಿ ಜೋಡಿಸಿ, ಉತ್ಸಾಹದಲ್ಲಿ ಸದ್ದನ್ನು ಪೂರ್ತಿ ಏರಿಸಿ, ಮಂದ್ರದ ತಂತಿಯನ್ನು ಮೀಟಿದರು. ಹಲ್ಲುಗಳೆಲ್ಲ ಗಡಗಡ ಅಲುಗಿದವು. ಡಬ್ಬಿಯಿಂದ ಸುಟ್ಟ ವಾಸನೆ ಬಂತು. ಯೂನಿಟ್ಟು ಹೋಯಿತು.

ಅವತ್ತು ಅವರು ಅತ್ತದ್ದು ನಿಜ. ಕಿಟ್ಟುರಾಯರು ಕಾಫಿ ಮಾಡಿ ತಂದು ಪಕ್ಕದಲ್ಲಿಟ್ಟರು. "ಸಾಕು ಬಿಡು ಗೋದಾ. ಎಷ್ಟು ಕಷ್ಟಪಡ್ತೀ," ಎಂದರು. ಗೋದಾಬಾಯಿ ಕಾಫಿ ಕುಡಿದರು, ಮೂಗು ಒರೆಸಿಕೊಂಡರು, ಸ್ಕ್ರೂಡ್ರೈವರ್ ಎತ್ತಿಕೊಂಡರು. ಮಂದ್ರದ ಸದ್ದನ್ನು ಈ ಯೂನಿಟ್ಟು ತಾಳಲಾರದು. ದಾರಿಯಲ್ಲಿ ಒಂದು ಕೆಪಾಸಿಟರ್ ಹಾಕಿ ತಡೆಯಬೇಕಿತ್ತು. ಹುಡುಗಿಯರಿಗೆ ಹೇಳಿಕೊಟ್ಟದ್ದನ್ನು ತಾವೇ ಮರೆತಿದ್ದರು. ಮತ್ತೆ ಹೋಗಿ ಇನ್ನೊಂದು ಯೂನಿಟ್ಟು ತಂದರು. ಈ ಸಲ ಅಂಗಡಿಯವನು, "ವಾಯಿ ಎಪ್ಪಡಿ ಇರುಕ್ಕು ಮಾಮಿ?" ಎಂದು ಬಾಯಿಯ ಕ್ಷೇಮ ವಿಚಾರಿಸಿದ.

ಒಂದು ಮಧ್ಯಾಹ್ನ, ಕಿಟ್ಟುರಾಯರು ಬಾಲ್ಕನಿಯಲ್ಲಿ ಪಂಚೆ ಒಣಹಾಕುತ್ತಿದ್ದಾಗ, ಗೋದಾಬಾಯಿ ಕೊಳವೆಯನ್ನು ಬಾಯಿಯ ಬಲಮೂಲೆಗೆ ಸಿಕ್ಕಿಸಿಕೊಂಡು, ಸದ್ದನ್ನು ಅರ್ಧಕ್ಕಿಂತ ಕಡಿಮೆಯಲ್ಲಿಟ್ಟು, ಪಂಚಮದ ಮೇಲೆ ಬೆರಳಿಟ್ಟು ಮೀಟಿದರು. ನಾಲಿಗೆಯನ್ನು ಅಂಗುಳಕ್ಕೆ ಒಮ್ಮೆ ತಾಗಿಸಿ ಬಿಟ್ಟರು.

"ರೀ..."

"ಏನೇ?" ಎಂದರು ಕಿಟ್ಟುರಾಯರು, ಪಂಚೆ ಕೊಡವುತ್ತ.

ಆಮೇಲೆ ಅವರ ಕೈ ನಿಂತಿತು. ಒದ್ದೆ ಪಂಚೆಯನ್ನು ಎದೆಗೆ ಒತ್ತಿಕೊಂಡೇ ಒಳಗೆ ಬಂದರು. ಬಾಗಿಲಲ್ಲಿ ನಿಂತು ವೀಣೆಯನ್ನು ನೋಡಿದರು, ಕೊಳವೆಯನ್ನು ನೋಡಿದರು, ಹೆಂಡತಿಯ ಮುಖ ನೋಡಿದರು. ಗೋದಾಬಾಯಿ ಇನ್ನೊಮ್ಮೆ ಮೀಟಿದರು. "ರೀ..." ಅದು ಅವರ ಹಳೆಯ ದನಿಯಾಗಿರಲಿಲ್ಲ. ಜೇನುಹುಳ ಕನ್ನಡ ಕಲಿತ ಹಾಗಿತ್ತು. ಆದರೆ ಕರೆದದ್ದು ಅವರೇ. ಕಿಟ್ಟುರಾಯರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಪಂಚೆಯ ನೀರು ಹರಿದು ಜಮಖಾನೆ ಒದ್ದೆಯಾಯಿತು. ಬೇರೆ ದಿನವಾಗಿದ್ದರೆ ಅದಕ್ಕೆ ಬೈಸಿಕೊಳ್ಳುತ್ತಿದ್ದರು.

ಮಾತು ಸುಲಭಕ್ಕೆ ಒಲಿಯಲಿಲ್ಲ. ಜೊಲ್ಲು ಸುರಿಯುತ್ತಿತ್ತು, ತೊಡೆಯ ಮೇಲೆ ಟವಲು ಬೇಕು. ಬೃಂದಾ ಕ್ಯಾಪ್ ಹಾಕಿದ್ದ ಹಲ್ಲು ಜುಮ್ಮೆನ್ನುತ್ತಿತ್ತು. ಬೃಂದಾ ಭಾನುವಾರಗಳಲ್ಲಿ ಕೆಳಗಿಳಿದು ಬಂದು ಟಾರ್ಚ್ ಹಾಕಿ ಬಾಯಿ ನೋಡಿ, "ದಿನಾ ಸ್ವಲ್ಪ ಹೊತ್ತು ಸಾಕು ಆಂಟಿ, ಹಲ್ಲುಗಳು ಇನ್ನೂ ಬೇಕಲ್ವಾ ನಿಮ್ಗೆ," ಎನ್ನುತ್ತಿದ್ದಳು. ಇನ್ನೂ ದೊಡ್ಡ ತೊಡಕೆಂದರೆ, ವೀಣೆಯ ಸದ್ದು ಬಿಡುವಿಲ್ಲದೆ ಬಾಯೊಳಗೆ ಬರುತ್ತಿದ್ದರಿಂದ ಕ ಎಂದರೆ ಗ ಆಗುತ್ತಿತ್ತು, ತ ಎಂದರೆ ದ. ಒಂದು ದಿನ ಚೇಷ್ಟೆಗೆಂದು ಗಂಡನ ಹೆಸರನ್ನೇ ಹೇಳಿದರು. ಕಿಟ್ಟು ಹೋಗಿ "ಗಿಡ್ಡು" ಎಂದು ಕೇಳಿತು. ಕಿಟ್ಟುರಾಯರು ಎತ್ತರದಲ್ಲಿ ಹೆಂಡತಿಗಿಂತ ಒಂದು ಗೇಣು ಕಡಿಮೆ. "ಇಷ್ಟು ವರ್ಷ ಮನಸಲ್ಲಿ ಇದ್ದದ್ದು ಇವತ್ತು ಆಚೆ ಬಂತು," ಎಂದು ನಕ್ಕರು.

ಆ ಗಿಡ್ಡುವನ್ನು ಕಿಟ್ಟು ಮಾಡಲು ಒಂದು ಮಳೆಗಾಲ ಹಿಡಿಯಿತು. ಕ ಬರುವ ಕ್ಷಣಕ್ಕೆ ಸ್ವಲ್ಪ ಮುಂಚೆ ಬೆರಳಿನಿಂದ ತಂತಿಯನ್ನು ಮುಟ್ಟಿ ಸದ್ದನ್ನು ನಿಲ್ಲಿಸಬೇಕು, ಉಳಿದಿರುವ ತಮ್ಮ ಉಸಿರಿನಿಂದ ಕ ಎನ್ನಬೇಕು, ಕೂಡಲೇ ಮೀಟಬೇಕು. ಗಂಟಲಿನಲ್ಲಿ ಉಳಿದಿದ್ದ ಬರೀ ಗಾಳಿ ಈಗ ಕೆಲಸಕ್ಕೆ ಬಂತು. ಸ, ಶ, ಹ ಎಲ್ಲ ಅದರದ್ದೇ. ಎಡಗೈ, ಬಲಗೈ, ನಾಲಿಗೆ, ಉಸಿರು ನಾಲ್ಕೂ ಒಟ್ಟಿಗೆ ನಡೆಯಬೇಕು. ಎಷ್ಟೋ ದಿನ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು.

ರಮಾಬಾಯಿಯವರು ಒಂದು ದಿನ ಪ್ರಸಾದ ಹಿಡಿದುಕೊಂಡು ಬಂದಾಗ ಗೋದಾಬಾಯಿ ಅಭ್ಯಾಸದ ನಡುವೆಯಿದ್ದರು. ಕಿಟ್ಟುರಾಯರು ಎದ್ದು ನಿಂತರು.

"ಏನಿದು ಕಿಟ್ಟು?"

"ಗೋದಾ ಹಾಡ್ತಿದ್ದಾಳೆ ಅಕ್ಕಾ."

"ಬಾಯಲ್ಲಿ ಪೈಪ್ ಇಟ್ಕೊಂಡಾ?" ರಮಾಬಾಯಿಯವರು ಸೆರಗನ್ನು ಒತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. "ಎಂಜಲು ಪೈಪ್ ಕಚ್ಕೊಂಡು, ಅದೇ ಕೈಲಿ ವೀಣೆ ಮುಟ್ತಿದ್ದೀಯಲ್ಲ ಗೋದಾ. ಸರಸ್ವತಿ ದಾನೇ ಅದು."

ಗೋದಾಬಾಯಿ ಕೊಳವೆಯನ್ನು ತೆಗೆಯಲಿಲ್ಲ. ತಂತಿ ಮೀಟಿದರು. ಒಂದೇ ಮಾತು ಬಂತು.

"ಏನಂದ್ಳು?"

"ಕೊಳಲು ಅಂದಳು," ಎಂದರು ಕಿಟ್ಟುರಾಯರು. ಗಂಟಲು ಸರಿಮಾಡಿಕೊಂಡು, "ಕೃಷ್ಣ ಕೊಳಲನ್ನ ಎಲ್ಲಿಟ್ಕೋತಾನೆ ಅಂತ ಕೇಳ್ತಿದ್ದಾಳೆ ಅನ್ಸತ್ತೆ," ಎಂದರು.

"ಅವನು ದೇವರು. ಇವಳೂ ದೇವರಾ?"

ತಂತಿ ಮತ್ತೆ ಮಿಡಿಯಿತು. ಈ ಸಲ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಶಂಖ" ಎಂದದ್ದು ಸ್ಪಷ್ಟವಾಗಿಯೇ ಕೇಳಿತು. ಪೂಜೆಯಲ್ಲಿ ಶಂಖ ಊದುವವರು ತಮ್ಮ ಬಾಯಿಂದಲೇ ಊದುತ್ತಾರೆ.

ರಮಾಬಾಯಿಯವರ ಮುಖ ಬಿಗಿಯಿತು. "ವಾದ ಎಲ್ಲ ವೇಂಡಾ. ಮನೇಲಿ ಏನಾದ್ರೂ ಮಾಡ್ಕೋ. ಏಕಾದಶಿ ಭಜನೆಗೆ ಇದನ್ನ ತರಬೇಡ. ಎಲ್ಲರೆದುರು ಬಾಯಿಗೆ ಪೈಪ್ ಹಾಕ್ಕೊಂಡು ಕೂತ್ರೆ ನೋಡಿದವರು ನಗ್ತಾರೆ. ನಿನ್ನ ಮರ್ಯಾದೆಗೆ ದಾನೇ ಹೇಳ್ತಿರೋದು."

ಗೋದಾಬಾಯಿ ಮೀಟಿದರು.

ರಮಾಬಾಯಿಯವರು ತಮ್ಮನ ಕಡೆ ತಿರುಗಿದರು. ಕಿಟ್ಟುರಾಯರು ನೆಲ ನೋಡುತ್ತ, ದನಿ ತಗ್ಗಿಸಿ, "'ತರ್ತೀನಿ' ಅಂದಳು," ಎಂದರು.

ಏಕಾದಶಿಯ ದಿನ ಸಂಜೆ ಬೃಂದಾ ತನ್ನ ಕಾರಿನಲ್ಲಿ ವೀಣೆ, ಡಬ್ಬಿ ಎಲ್ಲವನ್ನೂ ಮಂಡಳಿಯ ಭಜನೆ ನಡೆಯುವ ಹಾಲಿಗೆ ತಂದಿಳಿಸಿದಳು. ಹಾಲು ಚಿಕ್ಕದು, ಹೆಂಗಸರು ಒಂದು ಕಡೆ, ನಾಲ್ಕಾರು ಗಂಡಸರು ಬಾಗಿಲ ಕಡೆ. ರಮಾಬಾಯಿಯವರು ಎಲ್ಲರೆದುರು ಜಗಳವಾಡುವವರಲ್ಲ. ಹೊಸ್ತಿಲಲ್ಲಿ ಗೋದಾಬಾಯಿಯ ಕಿವಿಯ ಹತ್ತಿರ, "ವೀಣೆ ಬರಲಿ, ಪೈಪ್ ಹೊರಗಿರಲಿ," ಎಂದಷ್ಟೇ ಹೇಳಿದರು. ಗೋದಾಬಾಯಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವರನ್ನು ದಾಟಿ ಒಳಗೆ ಹೋದರು. ಹಿಂದಿನ ಸಾಲಿಗಲ್ಲ, ಮುಂದೆ, ಮೊದಲು ತಾವು ಕೂರುತ್ತಿದ್ದ ಕಡೆಗೇ. ಅಲ್ಲಿದ್ದ ಹೆಂಗಸು ತಾನಾಗಿಯೇ ಸರಿದಳು.

ಮೂರು ಹಾಡು ಮುಗಿಯುವ ತನಕ ಅವರು ಸುಮ್ಮನಿದ್ದರು. ನಾಲ್ಕನೆಯದಕ್ಕೆ ಯಾರೂ ಶುರುಮಾಡುವ ಮೊದಲೇ ಕೊಳವೆಯನ್ನು ಬಾಯಿಗಿಟ್ಟುಕೊಂಡು ಅಮ್ಮ ಕಲಿಸಿದ ದೇವರನಾಮವೊಂದರ ಮೊದಲ ಸಾಲನ್ನು ಎತ್ತಿದರು. ಯಾರೋ ಕಿಸಕ್ಕನೆ ನಕ್ಕರು. ಮುದುಕಿಯೊಬ್ಬರು ಎದ್ದು ಹೊರಗೆ ಹೋದರು. ಎರಡನೆಯ ಸಾಲಿನ ನಡುವೆ ಸದ್ದು ತಟ್ಟನೆ ನಿಂತಿತು. ಗೋದಾಬಾಯಿಯ ಬಾಯಿ ಆಡುತ್ತಿತ್ತು, ಬೆರಳು ಮೀಟುತ್ತಿತ್ತು, ಮಾತು ಇರಲಿಲ್ಲ. ತಿರುಗಿ ನೋಡಿದರೆ ಪಕ್ಕದ ಗೋಡೆಯ ಸ್ವಿಚ್ಚಿನ ಹತ್ತಿರ ರಮಾಬಾಯಿಯವರು ನಿಂತಿದ್ದರು.

ಗೋದಾಬಾಯಿ ಕೊಳವೆಯನ್ನು ಟವಲಿನ ಮೇಲಿಟ್ಟರು. ವೀಣೆಯನ್ನು ಮಲಗಿಸಿದರು. ಮಂಡಿ ಹಿಡಿದುಕೊಂಡು ಎದ್ದು, ಕೂತ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಸ್ವಿಚ್ಚು ಹಾಕಿದರು. ವಾಪಸು ಬಂದು ಕೂತು, ಕೊಳವೆ ಇಟ್ಟುಕೊಂಡು, ಮೊದಲ ಸಾಲನ್ನೇ ಮತ್ತೆ ಎತ್ತಿದರು.

ಸ್ವಿಚ್ಚು ಮತ್ತೆ ಆರಿತು.

ಗೋದಾಬಾಯಿ ಮತ್ತೆ ಎದ್ದರು. ಸ್ವಿಚ್ಚಿನ ಹತ್ತಿರ ಇಬ್ಬರೂ ಎದುರೆದುರಾದರು. ಗೋದಾಬಾಯಿ ತಮ್ಮ ಹರಕು ದನಿಯಲ್ಲಿ ಹೇಳಿದರು. ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿತು. "ನೀವು ಆರಿಸ್ತಾ ಇರಿ ಅಕ್ಕಾ. ನಾ ಹಾಕ್ತಾ ಇರ್ತೀನಿ. ಯಾರ ಮಂಡಿ ಮೊದಲು ಸೋಲತ್ತೋ ನೋಡೋಣ."

ಅಷ್ಟರಲ್ಲಿ ಗಂಡಸರ ಕಡೆಯಿಂದ ಕಿಟ್ಟುರಾಯರು ಎದ್ದು ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಸ್ವಿಚ್ಚಿನ ಸರಿ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿಕೊಂಡರು. ಇನ್ನು ಸ್ವಿಚ್ಚು ಆರಿಸಬೇಕಾದರೆ ರಮಾಬಾಯಿಯವರು ತಮ್ಮನ ತಲೆಯ ಮೇಲಿಂದ ಕೈಚಾಚಬೇಕು.

ಅವರು ಚಾಚಲಿಲ್ಲ. ಬಹಳ ಹೊತ್ತು ತಮ್ಮನ ಬೋಳುತಲೆಯನ್ನೇ ನೋಡುತ್ತ ನಿಂತಿದ್ದು, ಹೋಗಿ ತಮ್ಮ ಜಾಗದಲ್ಲಿ ಕೂತರು.

ಗೋದಾಬಾಯಿ ಹಾಡಿದರು. ಚೆನ್ನಾಗಿ ಬಂತೆಂದು ಅವರೂ ಹೇಳುವುದಿಲ್ಲ. ಎರಡು ಕಡೆ ಕ ಹೋಗಿ ಗ ಆಯಿತು, ಒಂದು ಕಡೆ ಜೊಲ್ಲು ಸಿಕ್ಕಿ ಮಾತು ಗೊಳಗೊಳ ಎಂದಿತು, ಆಗ ಹುಡುಗಿಯೊಬ್ಬಳು ಜೋರಾಗಿ ನಕ್ಕಳು. ಅವರು ನಿಲ್ಲಿಸಲಿಲ್ಲ. ಮೂರನೆಯ ಚರಣದಲ್ಲಿ, ಮೊದಲಿಂದ ಅವರ ಹಿಂದೆ ಹಾಡಿ ಅಭ್ಯಾಸವಾಗಿದ್ದ ಹೆಂಗಸರಲ್ಲಿ ಯಾರೋ ಒಬ್ಬಳು ತನಗೆ ಗೊತ್ತಿಲ್ಲದೆಯೇ ಸಾಲನ್ನು ಹಿಡಿದುಕೊಂಡಳು. ಆಮೇಲೆ ಇನ್ನಿಬ್ಬರು. ಎಲ್ಲರೂ ಅಲ್ಲ.

ಮಾರನೆಯ ಬೆಳಿಗ್ಗೆ ನೋಡಿದರೆ ಮಂಡಳಿಯ ವಾಟ್ಸಾಪ್ ಗುಂಪಿನಿಂದ ಅವರನ್ನು ತೆಗೆದುಹಾಕಿದ್ದರು. ಗೋದಾಬಾಯಿ ಅದನ್ನು ಗಂಡನಿಗೆ ತೋರಿಸಿದರು. ಕಿಟ್ಟುರಾಯರು ಕನ್ನಡಕ ಏರಿಸಿ ಓದಿ, ತಮ್ಮ ಫೋನನ್ನೂ ತೆಗೆದು ನೋಡಿದರು. "ಅಕ್ಕ ನನ್ನನ್ನೂ ತೆಗೆದಿದ್ದಾಳೆ," ಎಂದರು. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ ಹಾಗಿತ್ತು.

ಈಗ ಗುರುವಾರ ಸಂಜೆ ಫ್ಲ್ಯಾಟಿನ ಕೆಳಗೆ, ಸ್ಕೂಟರುಗಳನ್ನು ಬದಿಗೆ ಸರಿಸಿ, ಜಮಖಾನೆ ಹಾಸುತ್ತಾರೆ. ಒಮ್ಮೊಮ್ಮೆ ಹತ್ತು ಜನ, ಒಮ್ಮೊಮ್ಮೆ ಗಂಡ ಹೆಂಡತಿ ಮತ್ತು ಬೃಂದಾ ಮಾತ್ರ. ಬೃಂದಾಳಿಗೆ ದೇವರನಾಮ ಬರುವುದಿಲ್ಲ, ಕಲಿಯುತ್ತಿದ್ದಾಳೆ. ಬೀದಿಯ ಮಕ್ಕಳು ಅವರಿಗೆ ರೋಬೋ ಪಾಟಿ, ಅಂದರೆ ರೋಬೋ ಅಜ್ಜಿ, ಎಂದು ಹೆಸರಿಟ್ಟಿದ್ದಾರೆ. ಗೇಟಿನ ಸಂದಿಯಿಂದ ಹಾಗೆಂದು ಕೂಗಿ ಓಡುವವರಿಗೆ ಗೋದಾಬಾಯಿ ಕೊಳವೆಯಲ್ಲೇ ಒಂದು ಅಚ್ಚ ಕನ್ನಡದ ಬೈಗುಳವನ್ನು ರಾಗವಾಗಿ ಕಳಿಸುತ್ತಾರೆ. ಬೃಂದಾಳ ಕ್ಲಿನಿಕ್ಕಿಗೆ ಬಂದಿದ್ದ ಒಬ್ಬರು ಅವರ ಹಾಡನ್ನು ಫೋನಿನಲ್ಲಿ ಹಿಡಿದು, ದೇವರ ಪವಾಡ ಎಂದು ಬರೆದು ಎಲ್ಲರಿಗೂ ಕಳಿಸಲು ಹೊರಟಿದ್ದರು. ಗೋದಾಬಾಯಿ ಒಪ್ಪಲಿಲ್ಲ. ಪವಾಡವಂತೆ, ಎಷ್ಟು ಸಲ ಬೆರಳು ಸುಟ್ಟಿದೆ ಎಂದು ಅವರಿಗೇನು ಗೊತ್ತು ಎಂದು ಫೋನನ್ನು ಆಚೆ ತಳ್ಳಿದರು.

ರಮಾಬಾಯಿಯವರು ಗುರುವಾರ ಬರುವುದಿಲ್ಲ. ಆದರೆ ಮನೆಗೆ ಬರುವುದನ್ನು ಬಿಟ್ಟಿಲ್ಲ; ತಮ್ಮನ ಮನೆ ಅದು. ಮೊನ್ನೆ ಹಬ್ಬದ ಊಟಕ್ಕೆ ಬಂದವರು, ಕೈತೊಳೆದುಕೊಂಡು ಬಂದು ಕೂತು, ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಕಿಟಕಿಯ ಕೆಳಗಿದ್ದ ವೀಣೆಯನ್ನೂ ಅದರ ಪಕ್ಕದ ಡಬ್ಬಿಯನ್ನೂ ನೋಡಿದರು.

"ಇನ್ನೂ ಬಿಟ್ಟಿಲ್ವಾ ಇದನ್ನ?"

ಕಿಟ್ಟುರಾಯರು ಹೆಂಡತಿಯ ಕ‌ಡೆ ನೋಡಿದರು. ಪಿಸುಗುಟ್ಟಿದ್ದರೆ ಸಾಕಿತ್ತು; ಮೂವರೇ ಇದ್ದದ್ದು. ಗೋದಾಬಾಯಿ ಬಡಿಸುವ ಪಾತ್ರೆಯನ್ನು ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು ಹೋಗಿ ವೀಣೆಯ ಮುಂದೆ ಕೂತರು, ಸ್ವಿಚ್ಚು ಹಾಕಿದರು, ಶ್ರುತಿ ಸರಿಯಿದೆಯೇ ನೋಡಿದರು, ಕೊಳವೆಯನ್ನು ನಿಧಾನವಾಗಿ ಬಾಯಿಯ ಮೂಲೆಗೆ ಇಟ್ಟುಕೊಂಡರು. ರಮಾಬಾಯಿಯವರು ಕಾಯಬೇಕಾಯಿತು. ಆಮೇಲೆ ಗೋದಾಬಾಯಿ ತಾರಷಡ್ಜವನ್ನು ಮೀಟಿ, ಅಲ್ಲಿಂದ ಒಂದೊಂದೇ ಸ್ವರಕ್ಕೆ ಜಾರುತ್ತ, ಮೇಲಿನ ಎರಡು ಮಹಡಿಗೂ ಕೇಳುವ ಹಾಗೆ, ಎರಡೇ ಅಕ್ಷರ ಹೇಳಿದರು.

"ಇಲ್ಲ."